ಎಮರ್ಜೆನ್ಸಿಯಲ್ಲಿ ನಮ್ಮ ಪೇಷೆಂಟ್‌ನ ಯಾಕೆ ಕಾಯಿಸ್ತಾರೆ? ಡಾಕ್ಟರ್ ಮೇಲೆ ಕೈ ಮಾಡಿದ್ರೆ ಏನಾಗುತ್ತೆ?

ಆಸ್ಪತ್ರೆ ಎಮರ್ಜೆನ್ಸಿಯಲ್ಲಿ ಎಷ್ಟೋ ಗಲಾಟೆ ಶುರುವಾಗೋದು ಒಂದೇ ಮಾತಿಂದ: "ನಾವು ಮೊದ್ಲು ಬಂದಿದ್ದು, ಅವರನ್ನ ಯಾಕ್ರೀ ಮೊದ್ಲು ನೋಡ್ತೀರಾ?"

ಅಂಗಡೀಲಿ ಮೊದಲು ಬಂದವರಿಗೆ ಮೊದಲು ಸಾಮಾನು ಕಟ್ಟಿಕೊಡೋದು ನ್ಯಾಯ. ಎಮರ್ಜೆನ್ಸಿಯಲ್ಲಿ ಆ ಲೆಕ್ಕ ನಡೆಯಲ್ಲ. ಯಾರ ಜೀವಕ್ಕೆ ಅಪಾಯ ಹೆಚ್ಚೋ ಅವರಿಗೇ ಮೊದಲ ಚಿಕಿತ್ಸೆ. ಇದಕ್ಕೆ ಟ್ರಯಾಜ್ ಅಂತಾರೆ. ಕೈ ಮುರಿದವರು ನೋವಿಗೆ ಕೂಗ್ತಿರ್ತಾರೆ, ಎದೆನೋವಿನವರು ಬೆವರುತ್ತಾ ಸುಮ್ಮನೆ ಕೂತಿರ್ತಾರೆ. ಡಾಕ್ಟರ್ ಮೊದಲು ಹೋಗೋದು ಸುಮ್ಮನೆ ಕೂತವರ ಹತ್ತಿರ.

ಇನ್ನೊಂದು ಸಿಟ್ಟು, ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟಾಗ. "ಕೈ ತೊಳ್ಕೊಂಡ್ರು" ಅಂತೀವಿ. ಆದರೆ ತಲೆ ಒಳಗೆ ರಕ್ತಸ್ರಾವ ಆಗಿದ್ದರೆ ಆಪರೇಷನ್ ಮಾಡೋ ನ್ಯೂರೋಸರ್ಜನ್ ತಾಲ್ಲೂಕು ಆಸ್ಪತ್ರೆಯಲ್ಲಿ ಇರಲ್ಲ. ಅಲ್ಲಿ ನಿಂತು ಜಗಳ ಮಾಡಿದಷ್ಟು ಹೊತ್ತೂ ಪೇಷೆಂಟ್‌ಗೇ ನಷ್ಟ.

ಆಸ್ಪತ್ರೆಯವರದ್ದು ತಪ್ಪೇ ಇಲ್ಲ ಅಂತಲ್ಲ. ಯಾಕೆ ಕಾಯಬೇಕು ಅಂತ ಒಬ್ಬರು ಹೊರಗೆ ಬಂದು ಎರಡು ಮಾತು ಹೇಳಿದ್ರೆ ಅರ್ಧ ಗಲಾಟೆ ಅಲ್ಲೇ ತಣ್ಣಗಾಗುತ್ತೆ. ಅದನ್ನೂ ಮಾಡಲ್ಲ.

ಹಾಗಂತ ಡಾಕ್ಟರ್‌ಗಳ ಭಯ ಸುಳ್ಳಲ್ಲ. 2023ರ ಮೇ 10ರ ಬೆಳಗಿನ ಜಾವ, ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆ. ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಲು ಪೊಲೀಸರೇ ಕರೆತಂದಿದ್ದ ವ್ಯಕ್ತಿ, ಅಲ್ಲಿದ್ದ ಕತ್ತರಿ ಎತ್ತಿಕೊಂಡು ಡ್ಯೂಟಿಯಲ್ಲಿದ್ದ ಯುವ ಹೌಸ್ ಸರ್ಜನ್‌ಗೆ ಇರಿದ. ಆಕೆ ಉಳಿಯಲಿಲ್ಲ. ಪೊಲೀಸರು ಪಕ್ಕದಲ್ಲಿದ್ದಾಗಲೇ ಹೀಗಾದರೆ, ರಾತ್ರಿ ಒಬ್ಬ ಡಾಕ್ಟರ್, ಒಬ್ಬ ನರ್ಸ್ ಇರೋ ಕಡೆ 30 ಜನ ಒಳಗೆ ನುಗ್ಗಿದ್ರೆ ಹೇಗಿರುತ್ತೆ ನೀವೇ ಯೋಚಿಸಿ.

ಈಗ ಕಾನೂನು. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯೋಕೆ ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ಪ್ರೈವೇಟ್ ನರ್ಸಿಂಗ್ ಹೋಮ್‌ಗೂ ಅನ್ವಯ. ಇದು ಜಾಮೀನುರಹಿತ ಕೇಸ್, ಅಂದ್ರೆ ಸ್ಟೇಷನ್‌ನಲ್ಲೇ ಬೇಲ್ ಸಿಗಲ್ಲ, ಕೋರ್ಟಿಗೇ ಹೋಗಬೇಕು. ಮಾನಿಟರ್ ಒಡೆದರೆ ಅದನ್ನು ಕೊಂಡ ಬೆಲೆಯ ಎರಡರಷ್ಟು ಕಟ್ಟಬೇಕು. ಸರ್ಕಾರಿ ಡಾಕ್ಟರ್ ಡ್ಯೂಟಿಗೆ ಅಡ್ಡಿಪಡಿಸಲು ಹೊಡೆದು ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 121ನೇ ಸೆಕ್ಷನ್ ಬೇರೆ, 5 ವರ್ಷದವರೆಗೆ ಜೈಲು. "ನಾನು ಹೊಡೀಲಿಲ್ಲ, ಜೊತೆಗೆ ಹೋಗಿದ್ದೆ ಅಷ್ಟೇ" ಅನ್ನೋರ ಹೆಸರೂ ಎಫ್‌ಐಆರ್‌ಗೆ ಸೇರಬಹುದು.

ನಿಜವಾಗಲೂ ನಿರ್ಲಕ್ಷ್ಯ ಆಗಿದೆ ಅನ್ನಿಸಿದರೆ ಚೀಟಿ, ಕೇಸ್ ಶೀಟ್ ನಕಲು ಜೋಪಾನವಾಗಿಟ್ಟುಕೊಳ್ಳಿ. ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಅಥವಾ ಡಿಎಚ್‌ಒಗೆ ಬರಹದಲ್ಲಿ ದೂರು ಕೊಡಿ. 104ಕ್ಕೂ ಫೋನ್ ಮಾಡಬಹುದು. ಡಾಕ್ಟರ್ ಮೇಲೆಯೇ ಕ್ರಮ ಆಗಬೇಕು ಅಂದ್ರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಿರಿ.