ಕೂಸು ಅತ್ತರೆ ಗ್ರೈಪ್ ವಾಟರ್ ಬೇಕೇ?

ಬೆಳಗಾವಿಯ ಶಹಾಪುರದ ಬಾಣಂತಿ ಕೋಣೆಗಳಲ್ಲಿ ಎಣ್ಣೆ, ಬಜೆ, ಧೂಪದ ಸಾಮಾನಿನ ಜೊತೆ ಗ್ರೈಪ್ ವಾಟರ್ ಬಾಟಲಿಯೂ ಇರುತ್ತದೆ. ಕೂಸು ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಅತ್ತರೆ ‘ಹೊಟ್ಟಿ ಕಡೀಲಿಕ್ಕತ್ತದ, ಒಂದು ಚಮಚ ಹಾಕ್ರಿ’ ಎಂಬ ಮಾತು ಬಂತೆಂದೇ ಲೆಕ್ಕ.

ಇದು ಆಯುರ್ವೇದದ್ದು ಎಂದು ತಿಳಿದವರು ಬಹಳ. 1933ರಲ್ಲಿ ಆರಂಭವಾದ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ ಇರುವ ಈ ಭಾಗದಲ್ಲಿ ಹಾಗನ್ನಿಸುವುದು ಸಹಜ. ಆದರೆ ಅದರ ಹುಟ್ಟೂರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. ಅಲ್ಲಿ ಔಷಧ ತಯಾರಿಸುತ್ತಿದ್ದ ವಿಲಿಯಂ ವುಡ್‌ವರ್ಡ್, ಜೌಗು ಸೀಮೆಯ ಮಲೇರಿಯಾಕ್ಕೆ ಕೊಡುತ್ತಿದ್ದ ಮದ್ದು ಮಕ್ಕಳ ಹೊಟ್ಟೆಬಾಧೆಯನ್ನೂ ತಗ್ಗಿಸುವುದನ್ನು ಕಂಡು 1851ರಲ್ಲಿ ಇದನ್ನು ತಂದ. ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆ, ನೀರಿನ ಜೊತೆ ಶೇ. 3.6ರಷ್ಟು ಮದ್ಯಸಾರವೂ ಅದರಲ್ಲಿತ್ತು. ಕೂಸುಗಳು ಮಲಗಿದ್ದಕ್ಕೆ ಸಬ್ಬಸಿಗೆಯೊಂದೇ ಕಾರಣ ಎನ್ನಲಾಗದು. ಬ್ರಿಟನ್ನಿನಲ್ಲಿ ಮದ್ಯಸಾರ ತೆಗೆದದ್ದು 1990ರ ದಶಕದಲ್ಲಿ.

‘ಸೊಪ್ಪಿನ ರಸ ತಾನೆ, ಏನಾಗ್ತದ?’ ನನಗೆ ಹೆಚ್ಚು ಕಳವಳ ತರುವ ಮಾತು ಇದು. ಖಡೇಬಜಾರಿನಿಂದ ತಂದ ಸಬ್ಬಸಿಗೆ ಕಟ್ಟನ್ನು ಬಿಡಿಸಿ, ಹೆಸರುಬೇಳೆ ಹಾಕಿ ಮಾಡಿದ ಪಲ್ಯವನ್ನು ಬಾಣಂತಿ ಧಾರಾಳವಾಗಿ ಉಣ್ಣಲಿ. ಕೂಸಿಗೆ ಮಾತ್ರ ಮೊದಲ 6 ತಿಂಗಳು ಎದೆಹಾಲು ಮತ್ತು ವೈದ್ಯರು ಹೇಳಿದ ಔಷಧ ಬಿಟ್ಟರೆ ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಪುಟ್ಟ ಹೊಟ್ಟೆಗೆ ಸಿಹಿನೀರು ಹೋದಷ್ಟೂ ಹಾಲು ಕಡಿಮೆಯಾಗುತ್ತದೆ. ಚಮಚ ಸರಿಯಾಗಿ ತೊಳೆಯದಿದ್ದರೆ ಸೋಂಕೂ ತಗಲಬಹುದು.

‘ಕುಡಿಸಿದ ಮ್ಯಾಲೆ ಅಳು ನಿಂತಿತಲ್ಲ!’ ನಿಂತಿರುತ್ತದೆ, ಸುಳ್ಳಲ್ಲ. ನಾಲಿಗೆಗೆ ಸಿಹಿ ತಾಗಿದರೆ ಎಳೆಗೂಸು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಅಲ್ಲದೆ ಆರೋಗ್ಯವಾಗಿರುವ ಕೂಸೂ ಸಂಜೆಯಾದರೆ ಬಿಕ್ಕಿ ಬಿಕ್ಕಿ ಅಳುವುದುಂಟು. 2-3 ವಾರಕ್ಕೆ ಶುರುವಾಗುವ ಈ ಅಳು 6ನೇ ವಾರದ ಹೊತ್ತಿಗೆ ಜೋರಾಗಿ, 3-4 ತಿಂಗಳಿಗೆ ತಾನಾಗಿ ಇಳಿಯುತ್ತದೆ. ಆಗ ಮನೆಯಲ್ಲಿ ಯಾವ ಬಾಟಲಿ ಇತ್ತೋ ಅದಕ್ಕೆ ಹೆಸರು ಬರುತ್ತದೆ. ಅಲ್ಲಿಯವರೆಗೆ ಹೆಗಲಿಗೆ ಹಾಕಿಕೊಂಡು ತೇಗು ತರಿಸಿ, ಎತ್ತಿಕೊಂಡು ತಿರುಗಾಡಿ. ರಾತ್ರಿ ಸರದಿಯಂತೆ ಮನೆಯವರೆಲ್ಲ ಕೂಸನ್ನು ನೋಡಿಕೊಂಡು, ತಾಯಿಗೆ ಎರಡು ತಾಸು ನಿದ್ದೆ ಮಾಡಲು ಬಿಡಿ.

ಹಲ್ಲು ಬರುವಾಗ ಭೇದಿ ಸಹಜ, ಗ್ರೈಪ್ ವಾಟರ್ ಸಾಕು ಎಂಬುದಂತೂ ಅಪಾಯದ ನಂಬಿಕೆ. ಹಲ್ಲಿನಿಂದ ಭೇದಿ ಆಗುವುದಿಲ್ಲ. ಭೇದಿಗೆ ಬೇಕಾದದ್ದು ಓಆರ್‌ಎಸ್, ಜಿಂಕ್, ಮತ್ತು ಎದೆಹಾಲು ನಿಲ್ಲಿಸದಿರುವುದು. ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲು ಬಿಡುವುದು, ಉಚ್ಚೆ ಕಡಿಮೆಯಾಗುವುದು, 3 ತಿಂಗಳೊಳಗಿನ ಕೂಸಿಗೆ ಜ್ವರ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಬೆಳಗಾವಿಯ ಜಿಲ್ಲಾಸ್ಪತ್ರೆಗೆ ಒಯ್ಯಿರಿ. ಖಾನಾಪುರದ ಕಾಡಂಚಿನ ಹಳ್ಳಿಗಳವರು ತಡಮಾಡದೆ 108ಕ್ಕೆ ಕರೆ ಮಾಡಿ.