ಪುಣೆಯ ಥಿಯೇಟರ್ ಅಕಾಡೆಮಿ: ಹವ್ಯಾಸಿ ತಂಡ ಮತ್ತು ಅದರ ಸಮುದಾಯ

ವೃತ್ತಿ ನಾಟಕ ಕಂಪನಿಗೂ ಅದರ ಪ್ರೇಕ್ಷಕರಿಗೂ ಇರುವ ಸಂಬಂಧ ಸ್ಪಷ್ಟವಾದುದು. ಪ್ರೇಕ್ಷಕ ಟಿಕೆಟ್ಟು ಕೊಳ್ಳುತ್ತಾನೆ, ಕಂಪನಿ ಬದುಕುತ್ತದೆ; ಅವನು ಬಾರದ ದಿನ ಕ್ಯಾಂಪು ಕೀಳುತ್ತದೆ. ಲಾಭದ ಅಪೇಕ್ಷೆಯಿಲ್ಲದೆ ನಾಟಕವಾಡುವ ಹವ್ಯಾಸಿ ಸಂಸ್ಥೆಗೆ ಈ ಬಗೆಯ ಲೆಕ್ಕಾಚಾರವಿಲ್ಲ. ಅದು ಯಾರಿಗೆ ಋಣಿ? ತನ್ನನ್ನು ಪೋಷಿಸಿದ ಸಮುದಾಯವನ್ನು ಅದು ಮೆಚ್ಚಿಸಬೇಕೆ, ಇಲ್ಲವೆ ಆ ಸಮುದಾಯ ಕೇಳಲಿಚ್ಛಿಸದ ಮಾತನ್ನೂ ಆಡಬೇಕೆ? ಈ ಪ್ರಶ್ನೆಯನ್ನು ಆಧುನಿಕ ಭಾರತೀಯ ರಂಗಭೂಮಿಯಲ್ಲಿ ತೀವ್ರವಾಗಿ ಎದುರಿಸಿದ ಸಂಸ್ಥೆಗಳಲ್ಲಿ ಪುಣೆಯ ಥಿಯೇಟರ್ ಅಕಾಡೆಮಿಯೂ ಒಂದು.

ಪುಣೆಯ ರಂಗಭೂಮಿ ಕನ್ನಡಿಗರಿಗೆ ಪರಕೀಯವಾದುದಲ್ಲ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ‘ಸೀತಾಸ್ವಯಂವರ’ಕ್ಕೆ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದ ಆಟವೇ ಪ್ರೇರಣೆಯೆಂಬುದನ್ನು ಮರಾಠಿ ರಂಗಭೂಮಿಯ ಇತಿಹಾಸಕಾರರೂ ಒಪ್ಪಿದ್ದಾರೆ. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ರಂಗಕ್ಕೆ ತಂದು ಸಂಗೀತ ನಾಟಕದ ಯುಗವನ್ನು ಆರಂಭಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಸಂಗೀತ ನಾಟಕಗಳ ವೈಭವ ಇಳಿಮುಖವಾದ ಮೇಲೆ ಪುಣೆಯ ನಾಟಕದ ಹಂಬಲವನ್ನು ಉಳಿಸಿಕೊಂಡವರಲ್ಲಿ ಹವ್ಯಾಸಿಗಳೂ ಕಾಲೇಜು ವಿದ್ಯಾರ್ಥಿಗಳೂ ಪ್ರಮುಖರು. ಮಹಾರಾಷ್ಟ್ರೀಯ ಕಲೋಪಾಸಕ ಸಂಸ್ಥೆ 1963ರಲ್ಲಿ ಆರಂಭಿಸಿದ ‘ಪುರುಷೋತ್ತಮ ಕರಂಡಕ’ ಏಕಾಂಕ ಸ್ಪರ್ಧೆ ಅನೇಕ ತರುಣರಿಗೆ ರಂಗಭೂಮಿಯ ಮೊದಲ ಪಾಠಶಾಲೆಯಾಯಿತು. ಭಾಲಬಾ ಕೇಳಕರರ ಪ್ರೋಗ್ರೆಸಿವ್ ಡ್ರಾಮ್ಯಾಟಿಕ್ ಅಸೋಸಿಯೇಶನ್ ಇಂಥ ತರುಣರನ್ನು ಒಂದೆಡೆ ಕೂಡಿಸಿತು.

ಈ ಅಸೋಸಿಯೇಶನ್ ವಿಜಯ ತೆಂಡೂಲ್ಕರರ ‘ಘಾಶೀರಾಮ ಕೋತವಾಲ’ವನ್ನು 1972ರ ಡಿಸೆಂಬರ್ 16ರಂದು ಪುಣೆಯ ಭರತ ನಾಟ್ಯ ಮಂದಿರದಲ್ಲಿ ಮೊದಲ ಬಾರಿಗೆ ಪ್ರಯೋಗಿಸಿತು. ನಿರ್ದೇಶನ ಜಬ್ಬಾರ್ ಪಟೇಲರದು, ಸಂಗೀತ ಭಾಸ್ಕರ ಚಂದಾವರ್ಕರರದು, ನೃತ್ಯಸಂಯೋಜನೆ ಕೃಷ್ಣದೇವ ಮುಳಗುಂದರದು. ನಾನಾ ಫಡ್ನವೀಸನ ಪಾತ್ರದಲ್ಲಿ ಮೋಹನ ಆಗಾಶೆ. ನಾಟಕದ ಕಥೆ ಹದಿನೆಂಟನೆಯ ಶತಮಾನದ ಪುಣೆಯದು. ಹೊರಗಿನಿಂದ ಬಂದು ಅವಮಾನಿತನಾದ ಘಾಶೀರಾಮನು ಮಗಳನ್ನೇ ನಾನಾನಿಗೆ ಒಪ್ಪಿಸಿ ಕೋತವಾಲನ ಅಧಿಕಾರ ಪಡೆಯುತ್ತಾನೆ, ಊರನ್ನೆಲ್ಲ ಹಿಂಸಿಸುತ್ತಾನೆ, ಅವನ ಅಗತ್ಯ ತೀರಿದಾಗ ನಾನಾನೇ ಅವನನ್ನು ಜನಸಮೂಹದ ಕೈಗೆ ಕೊಡುತ್ತಾನೆ. ಚಾರಿತ್ರಿಕ ಘಾಶೀರಾಮ 1791ರಲ್ಲಿ ಜನರ ಕೋಪಕ್ಕೆ ಬಲಿಯಾದವನೇ ಆದರೂ ತಮ್ಮದು ಐತಿಹಾಸಿಕ ನಾಟಕವಲ್ಲವೆಂದು ತೆಂಡೂಲ್ಕರರು ಹೇಳಿದ್ದರು. ಅಧಿಕಾರಸ್ಥರು ತಮ್ಮ ಅನುಕೂಲಕ್ಕಾಗಿ ಘಾಶೀರಾಮರನ್ನು ಸೃಷ್ಟಿಸುವ ಬಗೆಯೇ ಅದರ ವಸ್ತು. ಕೀರ್ತನೆ, ದಶಾವತಾರ, ತಮಾಶೆಗಳ ಅಂಶಗಳನ್ನು ಬೆಸೆದುಕೊಂಡ ಈ ಪ್ರಯೋಗದಲ್ಲಿ ಸಾಲಾಗಿ ನಿಂತ ಬ್ರಾಹ್ಮಣರ ಗುಂಪೇ ಪರದೆಯಾಗುತ್ತಿತ್ತು. ತಿರುಗಿ ನಿಂತರೆ ಊರಾಗುತ್ತಿತ್ತು. ಕನ್ನಡದಲ್ಲಿ ‘ಹಯವದನ’, ‘ಜೋಕುಮಾರಸ್ವಾಮಿ’ಗಳು ದೇಸೀ ರಂಗರೂಪಗಳನ್ನು ಆಧುನಿಕ ಆಶಯಕ್ಕೆ ದುಡಿಸಿಕೊಂಡ ಕಾಲವೂ ಅದೇ.

ತಮ್ಮ ಪೂರ್ವಜರನ್ನು ಹೀಗೆ ಕಂಡ ಪುಣೆಯ ಪ್ರೇಕ್ಷಕರಲ್ಲಿ ಹಲವರು ಕೆರಳಿದರು. ನಾನಾ ಫಡ್ನವೀಸನಿಗೂ ಬ್ರಾಹ್ಮಣ ಸಮುದಾಯಕ್ಕೂ ಅಪಮಾನವಾಯಿತೆಂಬ ಆಕ್ಷೇಪ ಬಲವಾಯಿತು. 19 ಪ್ರಯೋಗಗಳಾದ ಮೇಲೆ ಅಸೋಸಿಯೇಶನ್ನಿನ ಹಿರಿಯರು ನಾಟಕವನ್ನು ನಿಲ್ಲಿಸಿದರು. ಗಮನಿಸಬೇಕಾದುದೆಂದರೆ ನಾಟಕ ನಿಂತದ್ದು ಸರಕಾರದ ಆಜ್ಞೆಯಿಂದಲ್ಲ, ಸಂಸ್ಥೆಯ ಒಳಗಿನ ನಿರ್ಣಯದಿಂದ. ಆ ನಿರ್ಣಯವನ್ನು ಕೇವಲ ಅಂಜಿಕೆಯೆಂದು ತಳ್ಳಿಹಾಕುವಂತಿಲ್ಲ. ವರ್ಷಗಳ ಕಾಲ ಊರಿನ ಸದ್ಭಾವದಿಂದ ಬೆಳೆದ ಸಂಸ್ಥೆಯೊಂದು ಆ ಸದ್ಭಾವವನ್ನು ಪಣಕ್ಕಿಡಲು ಹಿಂಜರಿಯುವುದು ಸಹಜ. ಆದರೆ ತರುಣರಿಗೆ ಅದು ಒಪ್ಪಿತವಾಗಲಿಲ್ಲ. ಜಬ್ಬಾರ್ ಪಟೇಲ್, ಮೋಹನ ಆಗಾಶೆ, ಸತೀಶ ಆಳೇಕರ ಮೊದಲಾದವರು ಹೊರಬಂದು 1973ರ ಮಾರ್ಚ್ 27ರಂದು, ವಿಶ್ವ ರಂಗಭೂಮಿ ದಿನದಂದೇ, ಥಿಯೇಟರ್ ಅಕಾಡೆಮಿಯನ್ನು ಸ್ಥಾಪಿಸಿದರು. 1974ರಲ್ಲಿ ‘ಘಾಶೀರಾಮ’ ಮತ್ತೆ ರಂಗಕ್ಕೆ ಬಂದಿತು. 1980ರಲ್ಲಿ ತಂಡ ಯೂರೋಪಿಗೆ ಹೊರಟಾಗ ವಿರೋಧ ಮತ್ತೆ ತಲೆಯೆತ್ತಿತಾದರೂ ಪ್ರವಾಸ ನಿಲ್ಲಲಿಲ್ಲ.

ಈ ಧೈರ್ಯಕ್ಕೆ ಒಂದು ಲೌಕಿಕ ಆಧಾರವೂ ಇದ್ದಿತು. ಪಟೇಲರು ವೈದ್ಯರು; ಆಗಾಶೆ ಮನೋವೈದ್ಯರು; ಆಳೇಕರರು ಪುಣೆಯ ಬಿ. ಜೆ. ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಕ್ಷೇತ್ರದಲ್ಲಿ ದುಡಿಯುತ್ತಿದ್ದವರು. ಅವರ ಅನ್ನ ನಾಟಕದಿಂದ ಬರುತ್ತಿರಲಿಲ್ಲ. ಆದ್ದರಿಂದ ಪ್ರೇಕ್ಷಕರ ಮುನಿಸು ಅವರ ಅನ್ನವನ್ನು ಕಸಿಯುವಂತಿರಲಿಲ್ಲ. ಹವ್ಯಾಸಿ ಎಂಬ ಮಾತನ್ನು ಅರೆಕಲಿತವರ ಬಿಡುವಿನ ಉದ್ಯೋಗವೆಂದು ಬಗೆಯುವ ರೂಢಿ ನಮ್ಮಲ್ಲಿದೆ. ಅದರ ನಿಜವಾದ ಬಲ ಈ ಸ್ವಾತಂತ್ರ್ಯದಲ್ಲಿದೆ ಎಂಬುದನ್ನು ಅಕಾಡೆಮಿಯ ಚರಿತ್ರೆ ತೋರಿಸುತ್ತದೆ.

ಸಮುದಾಯದೊಡನೆ ಜಗಳವಾಡಿದ ತಂಡ ಸಮುದಾಯವನ್ನು ತೊರೆಯಲಿಲ್ಲವೆಂಬುದು ಇನ್ನೂ ಮುಖ್ಯವಾದ ಸಂಗತಿ. 1974ರಲ್ಲಿ ಬಂದ ಆಳೇಕರರ ‘ಮಹಾನಿರ್ವಾಣ’ದಲ್ಲಿ ಸತ್ತ ಭಾವುರಾವನೇ ಕೀರ್ತನಕಾರನಾಗಿ ತನ್ನ ಸಾವಿನ ಕಥೆ ಹೇಳುತ್ತಾನೆ, ಹಳೆಯ ಸ್ಮಶಾನದಲ್ಲೇ ತನ್ನ ದಹನವಾಗಬೇಕೆಂದು ಹಟ ಹಿಡಿಯುತ್ತಾನೆ. 1979ರ ‘ಬೇಗಮ್ ಬರ್ವೆ’ ಸಂಗೀತ ನಾಟಕಗಳ ನೆನಪನ್ನೇ ವಸ್ತುವಾಗಿಸಿಕೊಂಡಿತು. ಪುಣೆಯ ಮಧ್ಯಮವರ್ಗದ ಭಾಷೆ, ಭಕ್ತಿ, ಹಂಬಲಗಳನ್ನು ಬಲ್ಲವರೇ ಅವನ್ನು ಹೀಗೆ ಪರಿಹಾಸ ಮಾಡಬಲ್ಲರು. 1978ರಲ್ಲಿ ಬ್ರೆಖ್ಟನ ನಾಟಕವನ್ನು ಪು. ಲ. ದೇಶಪಾಂಡೆಯವರು ‘ತೀನ್ ಪೈಶಾಚಾ ತಮಾಶಾ’ ಆಗಿ ರೂಪಾಂತರಿಸಿದಾಗಲೂ ಜರ್ಮನ್ ಕೃತಿ ಮರಾಠಿ ಮಣ್ಣಿನ ಆಟವಾಗಿಯೇ ಬಂದಿತು.

1980ರ ದಶಕದಲ್ಲಿ ಸಂಸ್ಥೆಯ ಕಾರ್ಯಕ್ಷೇತ್ರ ರಂಗದಿಂದ ಆಚೆಗೆ ಹಬ್ಬಿತು. ಬರ್ಲಿನ್ನಿನ ‘ಗ್ರಿಪ್ಸ್’ ಮಾದರಿಯ ಮಕ್ಕಳ ನಾಟಕವನ್ನು ಆಗಾಶೆಯವರು ಪುಣೆಗೆ ತಂದರು. 1986ರಲ್ಲಿ ‘ಛಾನ್ ಛೋಟೆ ವಾಈಟ್ ಮೋಠೆ’ಯೊಂದಿಗೆ ಅದು ಆರಂಭವಾಯಿತು. ರಾಜಕುಮಾರ ರಾಕ್ಷಸರ ಕಥೆಗೆ ಬದಲಾಗಿ ಮಕ್ಕಳ ದಿನನಿತ್ಯದ ತೊಡಕುಗಳೇ ಇಲ್ಲಿ ವಸ್ತು. ದೊಡ್ಡವರೇ ಮಕ್ಕಳ ಪಾತ್ರ ವಹಿಸುತ್ತಾರೆ. ಆಳೇಕರರ ಕಲ್ಪನೆಯಂತೆ ನಾಟಕಕಾರರನ್ನು ಬೆಳೆಸುವ ಯೋಜನೆಯೂ ಬೇರೆ ಊರುಗಳ ನಾಟಕ ತಂಡಗಳಿಗೆ ನೆರವಾಗುವ ಯೋಜನೆಯೂ 1985ರಿಂದ 1994ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದವು.

ಈ ಮಾದರಿಗೆ ಮಿತಿಗಳೂ ಇವೆ. ಬೇರೆ ವೃತ್ತಿಯ ಆಸರೆಯಿಂದ ಬರುವ ಸ್ವಾತಂತ್ರ್ಯ ಅಂಥ ವೃತ್ತಿ ದೊರೆತವರಿಗಷ್ಟೇ ಲಭ್ಯ. ಹಗಲೆಲ್ಲ ದುಡಿದು ಸಂಜೆಯೂ ಬಿಡುವಿಲ್ಲದವನಿಗೆ ತಾಲೀಮಿನ ಕೋಣೆ ದೂರವೇ. ಹೊರಗಿನ ಧನಸಹಾಯವಾದರೋ ಅವಧಿಗೆ ಕಟ್ಟುಬಿದ್ದದ್ದು. ಯೋಜನೆ ಮುಗಿದ ಮೇಲೂ ಕೆಲಸ ಉಳಿಯಬೇಕಾದರೆ ಊರೇ ಅದನ್ನು ಕೈಗೆತ್ತಿಕೊಳ್ಳಬೇಕು.

ಇಲ್ಲಿ ಹೆಗ್ಗೋಡಿನ ನೀನಾಸಮ್ ಸಹಜವಾಗಿ ನೆನಪಾಗುತ್ತದೆ. 1949ರಲ್ಲಿ ಹುಟ್ಟಿದ ಆ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ವನ್ನೂ ಆರಂಭಿಸಿತು. ಅದರ ‘ಜನಸ್ಪಂದನ’ ಯೋಜನೆಗೂ ಫೋರ್ಡ್ ಪ್ರತಿಷ್ಠಾನದ ನೆರವಿತ್ತು. ಕೆ. ವಿ. ಸುಬ್ಬಣ್ಣನವರು ಹಳ್ಳಿಯೊಂದನ್ನು ಕೇಂದ್ರವಾಗಿಸಿ ನಾಡಿನ ಊರೂರಿಗೆ ನಾಟಕ ಒಯ್ದರು. ಪುಣೆಯವರು ನಗರವೊಂದರ ಆತ್ಮಪ್ರಶಂಸೆಯನ್ನು ಆ ನಗರದ ನಡುವೆಯೇ ನಿಂತು ಪ್ರಶ್ನಿಸಿದರು. ದಾರಿಗಳು ಬೇರೆಯಾದರೂ ಸಮುದಾಯವೆಂಬುದು ಪ್ರೇಕ್ಷಾಗೃಹದಲ್ಲಿ ಕುಳಿತ ಜನರಷ್ಟೇ ಅಲ್ಲ, ಇನ್ನೂ ಒಳಬಾರದವರೂ ಹೌದೆಂಬ ಅರಿವು ಎರಡರಲ್ಲೂ ಸಮಾನವಾದುದು.

ಹವ್ಯಾಸಿ ರಂಗಸಂಸ್ಥೆಯ ಸಾರ್ಥಕ್ಯವನ್ನು ಅದು ಗಳಿಸಿದ ಬಹುಮಾನಗಳಿಂದ ಅಳೆಯುವುದು ಸುಲಭ. ತನ್ನವರು ಮುನಿದಾಗ ಅದು ಏನು ಮಾಡಿತು ಎಂಬುದು ಅದಕ್ಕಿಂತ ಕಠಿಣವಾದ ಅಳತೆ. ಥಿಯೇಟರ್ ಅಕಾಡೆಮಿ ಆ ಗಳಿಗೆಯಲ್ಲಿ ನಾಟಕವನ್ನೂ ಬಿಡಲಿಲ್ಲ, ಊರನ್ನೂ ಬಿಡಲಿಲ್ಲ. ಮುನಿದ ಪುಣೆಯ ಮಕ್ಕಳಿಗಾಗಿಯೇ ಅದು ಮುಂದೆ ನಾಟಕ ಕಟ್ಟಿತು. ಅದರ ಸಾಮುದಾಯಿಕ ಮಹತ್ವವನ್ನು ಇಲ್ಲಿಯೇ ಗುರುತಿಸಬೇಕು.