ಚಪ್ಪಲಿ ಯಾಕೆ ಗೇಟ್ ಕಡೆಗೆ ಹೋಯ್ತು?

ಮಳೆಗಾಲದಲ್ಲಿ ಗೊರೂರು ಡ್ಯಾಮ್ ತುಂಬಿ ಕ್ರಸ್ಟ್ ಗೇಟ್ ತೆಗೆದ್ರು ಅಂದ್ರೆ ಸಾಕು, ಹಾಸನದ ಬೈಕು, ಕಾರು ಎಲ್ಲಾ ಆ ಕಡೆಗೇ. 1979ರಲ್ಲಿ ಮುಗಿದ ಈ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ಅಲ್ಲಿಂದ ಬೆಳ್ಳಗೆ ನೊರೆ ಎಬ್ಬಿಸಿಕೊಂಡು ಧುಮುಕೋ ನೀರು ನೋಡಿದ್ರೆ ಇಳಿಯೋಕೆ ಯಾರಿಗೂ ಧೈರ್ಯ ಬರಲ್ಲ. ನಾನು ಇವತ್ತು ಹೇಳೋದು ಅಷ್ಟು ಸದ್ದು ಮಾಡದ ನೀರಿನ ಬಗ್ಗೆ. ಇದೇ ಜಲಾಶಯದ ನಾಲೆಗಳು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಊರುಗಳ ಪಕ್ಕದಲ್ಲೇ ಹರಿಯುತ್ತವೆ. ಆ ನಾಲೆಗಳ ಗೇಟ್ ಆಚೆಗಿನ ನೀರು ನೋಡೋಕೆ ಎಷ್ಟೋ ಸಲ ಕಲ್ಯಾಣಿ ಥರ ಶಾಂತವಾಗಿರುತ್ತೆ.

ಕಳೆದ ದಸರಾ ರಜೆಗೆ ಹೊಳೆನರಸೀಪುರದ ಹತ್ತಿರ ಇರೋ ಅತ್ತೆ ಮನೆಗೆ ಹೋಗಿದ್ದೆ. ನಾನು, ಅತ್ತೆ ಮಗ ಇಬ್ಬರೂ ನಾಲೆ ಗೇಟ್ ಹತ್ತಿರ ಕಾಲು ಇಳಿಬಿಟ್ಟು ಕೂತಿದ್ವಿ. ಅವನ ಒಂದು ಚಪ್ಪಲಿ ನೀರಿಗೆ ಬಿತ್ತು. ಗೇಟಿನಿಂದ ನೀರು ಮುಂದಕ್ಕೆ ಬರುತ್ತಲ್ವಾ, ಚಪ್ಪಲಿನೂ ಮುಂದಕ್ಕೆ ತೇಲಿಕೊಂಡು ಹೋಗಬೇಕು. ಆದ್ರೆ ಅದು ನಿಧಾನಕ್ಕೆ ಗೇಟ್ ಕಡೆಗೇ ಹೊರಟಿತು! "ನೋಡೋ, ನೀರು ನಿಂತೇ ಇದೆ, ಇಳಿದು ತರ್ತೀನಿ" ಅಂತ ಅವನು ಶರ್ಟ್ ಬಿಚ್ಚೋಕೆ ಶುರು ಮಾಡಿದ. ಅಷ್ಟರಲ್ಲಿ ನೀರುಗಂಟಿ ಒಬ್ಬರು ಏರಿ ಮೇಲಿಂದ ಕೂಗಿದ್ರು: "ಲೇ ಹುಡುಗ್ರಾ, ಇಳೀಬೇಡ್ರೋ! ಮೇಲೆ ಸುಮ್ನಿದೆ ಅಂತ ನಂಬ್ಬೇಡಿ, ಅಡಿ ನೀರು ಎಳೀತದೆ."

ಅವರು ಹೇಳಿದ ಮಾತು ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಲ್ಲೂ ಇದೆ. ಅಲ್ಲಿ ಅದರ ಹೆಸರು ಸಬ್‌ಮರ್ಜ್ಡ್ ಜೆಟ್, ಅಂದ್ರೆ ನೀರೊಳಗೆ ಮುಳುಗಿದ ನೀರಿನ ಧಾರೆ.

ಇದನ್ನ ಮನೆಯಲ್ಲೇ ನೋಡಬಹುದು. ಒಂದು ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿಸಿ, ಮೇಲ್ಮೈಗೆ ಸ್ವಲ್ಪ ಕೆಳಗೆ ಪೈಪಿನ ಬಾಯಿ ಅಡ್ಡಡ್ಡ ಹಿಡಿದು ನಲ್ಲಿ ತಿರುಗಿಸಿ. ಅಕ್ಕಪಕ್ಕ ನಾಲ್ಕು ತುಳಸಿ ಎಲೆ ಬಿಡಿ. ಎಲೆಗಳು ಧಾರೆಯಿಂದ ದೂರ ಸರಿಯಲ್ಲ, ಧಾರೆ ಕಡೆಗೇ ಬರ್ತವೆ. ಯಾಕಂದ್ರೆ ಓಡುವ ನೀರಿಗೂ ನಿಂತ ನೀರಿಗೂ ನಡುವಿನ ಅಂಚಿನಲ್ಲಿ ಸಣ್ಣ ಸಣ್ಣ ಸುಳಿಗಳು ಹುಟ್ಟುತ್ತವೆ. ಅವು ನಿಂತ ನೀರನ್ನ ಒಳಗೆ ಎಳ್ಕೊಂಡು ಧಾರೆ ಜೊತೆ ಸೇರಿಸ್ತವೆ. ಇದಕ್ಕೆ ಎಂಟ್ರೈನ್‌ಮೆಂಟ್ ಅಂತಾರೆ.

ಹೀಗೆ ಎಳ್ಕೊಳ್ತಾ ಹೋದಂಗೆ ಧಾರೆ ಅಗಲ ಆಗುತ್ತೆ, ನಿಧಾನನೂ ಆಗುತ್ತೆ. ತಾನಾಗೇ ಉರುಳ್ತಿರೋ ಗಾಡಿಗೆ ದಾರಿಯುದ್ದಕ್ಕೂ ಮೂಟೆ ಹಾಕ್ತಾ ಹೋದ ಹಾಗೆ: ಮೊಮೆಂಟಮ್ ಅಷ್ಟೇ, ತೂಕ ಜಾಸ್ತಿ, ಹಾಗಾಗಿ ವೇಗ ಕಡಿಮೆ. ದುಂಡು ಪೈಪಿನ ಧಾರೆಯ ನಡುಭಾಗ, ಪೈಪಿನ ವ್ಯಾಸದ ಸುಮಾರು 6 ಪಟ್ಟು ದೂರದವರೆಗೆ ವೇಗ ಕಳ್ಕೊಳ್ಳಲ್ಲ. ಆಮೇಲೆ ದೂರ ಎರಡರಷ್ಟಾದ್ರೆ ವೇಗ ಅರ್ಧ. 10 ಪಟ್ಟು ದೂರಕ್ಕೆ ಹೋಗೋ ಹೊತ್ತಿಗೆ ಪೈಪಿನಿಂದ ಬಂದದ್ದಕ್ಕಿಂತ ಸುಮಾರು ಮೂರು ಪಟ್ಟು ನೀರು ಧಾರೆಯಲ್ಲಿ ಇರುತ್ತೆ.

ಈಗ ನಾಲೆಗೆ ಬರೋಣ. ಗೇಟನ್ನ ಸ್ವಲ್ಪ ಎತ್ತಿದಾಗ ನೀರು ಅದರ ಅಡಿಯಿಂದ ಹಾಳೆ ಥರ ನುಗ್ಗುತ್ತೆ. ಮುಂದೆ ನೀರು ಕಡಿಮೆ ಇದ್ರೆ ಆ ಹಾಳೆ ಕಣ್ಣಿಗೆ ಕಾಣುತ್ತೆ. ಸ್ವಲ್ಪ ದೂರ ಹೋಗಿ ನೊರೆ ಎಬ್ಬಿಸಿ ಮೇಲಕ್ಕೆ ಜಿಗಿಯುತ್ತೆ, ಅದೇ ಹೈಡ್ರಾಲಿಕ್ ಜಂಪ್. ಮುಂದಿನ ನೀರಿನ ಮಟ್ಟ ಏರಿದ್ರೆ ಈ ಜಂಪ್ ಹಿಂದೆ ಸರಿದು ಗೇಟಿಗೇ ಅಂಟಿಕೊಂಡು ಮುಳುಗುತ್ತೆ. ಧಾರೆ ಈಗ ತಳದಲ್ಲಿ ಓಡ್ತಿದೆ, ಮೇಲಿಂದ ಕಾಣಲ್ಲ. ಅದಕ್ಕೆ ಎಳ್ಕೊಳ್ಳೋಕೆ ನೀರು ಬೇಕು. ಹಿಂದೆ ಗೇಟ್, ಕೆಳಗೆ ನೆಲ, ಪಕ್ಕದಲ್ಲಿ ಗೋಡೆ. ಉಳಿದದ್ದು ಮೇಲಿನ ನೀರು ಒಂದೇ. ಹಾಗಾಗಿ ಮೇಲಿನ ನೀರು ಮುಂದಿನಿಂದ ಹಿಂದಕ್ಕೆ, ಗೇಟ್ ಕಡೆಗೆ ಹರಿಯುತ್ತೆ. ಚಪ್ಪಲಿ ಹೋಗಿದ್ದು ಈ ದಾರಿಯಲ್ಲೇ.

ಚಪ್ಪಲಿ ಬದಲು ಮನುಷ್ಯ ಇದ್ರೆ? ಮೇಲಿನ ನೀರು ಗೇಟಿನ ಹತ್ತಿರ ತರುತ್ತೆ, ಅಲ್ಲಿ ಅಡಿಗೆ ಎಳೆಯುತ್ತೆ, ಧಾರೆ ಮುಂದಕ್ಕೆ ಎಸೆಯುತ್ತೆ, ಎದ್ದ ಜಾಗದಿಂದ ಮೇಲಿನ ನೀರು ಮತ್ತೆ ಗೇಟಿಗೆ ತರಬಹುದು. ಈಜು ಗೊತ್ತಿದ್ರೆ ಸಾಲದಾ ಅಂತೀರಾ? ಒಂದು ಅಂದಾಜು ಲೆಕ್ಕ ಮಾಡೋಣ. ಗೇಟಿನ ಹಿಂದೆ 2 ಮೀಟರ್, ಮುಂದೆ 1 ಮೀಟರ್ ನೀರಿದೆ ಅಂದ್ಕೊಳ್ಳಿ. ಮುಳುಗಿದ ಧಾರೆಗೆ ಲೆಕ್ಕಕ್ಕೆ ಬರೋದು ಎರಡು ಮಟ್ಟಗಳ ವ್ಯತ್ಯಾಸ, ಅಂದ್ರೆ 1 ಮೀಟರ್. 2, 9.81, 1 ಗುಣಿಸಿ ವರ್ಗಮೂಲ ತೆಗೆದ್ರೆ ಸೆಕೆಂಡಿಗೆ ಸುಮಾರು 4.4 ಮೀಟರ್. ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಗೆಲ್ಲೋರ ವೇಗನೇ ಸೆಕೆಂಡಿಗೆ ಸುಮಾರು 2.4 ಮೀಟರ್! ಇನ್ನೊಂದು ವಿಷಯ: ಹಾಳೆಯಂಥ ಧಾರೆ ದುಂಡು ಧಾರೆಯಷ್ಟು ಬೇಗ ಸುಸ್ತಾಗಲ್ಲ. ಅದರ ವೇಗ ಅರ್ಧ ಆಗೋಕೆ ದೂರ ಹೆಚ್ಚುಕಡಿಮೆ ನಾಲ್ಕರಷ್ಟು ಆಗಬೇಕು. ಅದಕ್ಕೇ ಗೇಟಿನ ಮುಂದೆ ಅಷ್ಟು ದೂರ ಕಾಂಕ್ರೀಟು, ಕಲ್ಲು ಹಾಕಿರ್ತಾರೆ. ಇಲ್ಲದಿದ್ರೆ ಧಾರೆ ತಳವನ್ನೇ ಕೊರೆದುಬಿಡುತ್ತೆ.

ಈ ಮುಳುಗಿದ ಜಂಪ್ ಬಗ್ಗೆ ಜಗತ್ತು ಈಗಲೂ ಓದೋ ಒಂದು ಪ್ರಬಂಧದ ಬೇರು ನಮ್ಮ ಬೆಂಗಳೂರಲ್ಲಿದೆ ಅಂತ ಗೊತ್ತಾದಾಗ ಖುಷಿ ಆಯ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಆಗಿದ್ದ ಎನ್.ಎಸ್. ಗೋವಿಂದ ರಾವ್, ಅಲ್ಲೇ ಸಂಶೋಧನೆ ಮಾಡಿದ ಎನ್. ರಾಜರತ್ನಂ ಸೇರಿ 1963ರಲ್ಲಿ ಅದನ್ನ ಪ್ರಕಟಿಸಿದ್ರು. ರಾಜರತ್ನಂ ಮುಂದೆ ಕೆನಡಾಗೆ ಹೋಗಿ, 1976ರಲ್ಲಿ ಇಂಥ ಧಾರೆಗಳ ಬಗ್ಗೆ 'ಟರ್ಬುಲೆಂಟ್ ಜೆಟ್ಸ್' ಅನ್ನೋ ಪುಸ್ತಕ ಬರೆದ್ರು.

ಹಾಗಾಗಿ ಊರಿಗೆ ಹೋದಾಗ ತಮ್ಮ ತಂಗಿಯರಿಗೆ ಇದನ್ನ ಹೇಳಿ: ಗೇಟಿನ ಮುಂದೆ ಎಲೆ, ಕಡ್ಡಿ ಗೇಟ್ ಕಡೆಗೆ ತೇಲ್ತಿದ್ರೆ ಕೆಳಗೆ ಧಾರೆ ಓಡ್ತಿದೆ ಅಂತ ಅರ್ಥ. ತೇಲದಿದ್ರೂ ಗೇಟ್ ಹತ್ತಿರ ಇಳೀಬೇಡಿ. ಯಾರಾದ್ರೂ ಬಿದ್ರೆ ಹಿಂದೆಯೇ ಧುಮುಕಬೇಡಿ. ದಡದಿಂದಲೇ ಹಗ್ಗ, ಬಿದಿರುಗಳ, ಟ್ಯೂಬು ಏನು ಸಿಗುತ್ತೋ ಅದನ್ನ ಕೊಡಿ, ಜನರನ್ನ ಕೂಗಿ.

ಅವತ್ತು ಚಪ್ಪಲಿ ಸಿಗಲಿಲ್ಲ. ಅತ್ತೆ ಮಗ ಒಂಟಿ ಚಪ್ಪಲಿಯಲ್ಲಿ ಕುಂಟ್ಕೊಂಡು ಮನೆಗೆ ಬಂದ. ಹೊಸ ಚಪ್ಪಲಿ ಕಳೆದ ಅಂತ ಅತ್ತೆ ರಾತ್ರಿ ತನಕ ಬೈದ್ರು. ಅವನು ಅದನ್ನ ತರೋಕೆ ಇಳಿಯೋದ್ರಲ್ಲಿದ್ದ ಅಂತ ನಾವಿಬ್ಬರೂ ಇನ್ನೂ ಅವರಿಗೆ ಹೇಳಿಲ್ಲ.